ನೂರಾ ಎಂಬತ್ತು ರೊಟ್ಟಿ

ನಾವು ಅಂದ್ರೆ ಮೂರು ಜನ. ಒಬ್ಬರದು ಮಾನ್ವಿ, ಒಬ್ಬರದು ದೇವದುರ್ಗ, ಇದನ್ನು ಟೈಪ್ ಮಾಡುತ್ತಿರುವವರದು ಶಕ್ತಿನಗರ. ಮೂವರೂ ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಇಷ್ಟುದ್ದ ಬರೆದದ್ದು ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲೇ ಕೊನೆ. ಹಾಗಾಗಿ ಒತ್ತಕ್ಷರ, ದೀರ್ಘ ಏನಾದ್ರೂ ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ಈ ವಿಷಯವನ್ನು ಇಂಗ್ಲಿಷಿನಲ್ಲಿ ನಾವು ಒಮ್ಮೆ ಹೇಳಿ ಆಗಿದೆ, ಹನ್ನೆರಡು ಸ್ಲೈಡಿನ ಪಿಪಿಟಿಯಲ್ಲಿ. ಅದಕ್ಕೆ ಎರಡನೇ ಬಹುಮಾನವೂ ಬಂತು. ಆ ಹನ್ನೆರಡು ಸ್ಲೈಡಿನಲ್ಲಿ ಇಲ್ಲದ್ದನ್ನು ಇಲ್ಲಿ ಹೇಳಬೇಕು ಅನ್ನಿಸಿತು.

ಫಸ್ಟ್ ಇಯರ್‌ನ ಎರಡನೇ ಸೆಮಿಸ್ಟರ್‌ನಲ್ಲಿ ಒಂದು ಐಡಿಯಾ ಸ್ಪರ್ಧೆ ಇತ್ತು. ವಿಷಯ: ಹಳ್ಳಿಯ ಸಣ್ಣ ಉದ್ಯೋಗಗಳು ಮತ್ತು ಸುಸ್ಥಿರ ಪ್ರವಾಸೋದ್ಯಮ. ಬೇರೆ ತಂಡಗಳು ಕೊಡಗು, ಗೋಕರ್ಣ, ಚಿಕ್ಕಮಗಳೂರು ಅಂತ ಹೊರಟವು. ನಾವು ರಾಯಚೂರು ಅಂದಾಗ ಪಕ್ಕದ ಬೆಂಚಿನವರು ನಕ್ಕರು. "ರಾಯಚೂರಿಗೆ ಟೂರಿಸ್ಟಾ? ಬಿಸಿಲು ನೋಡೋಕಾ?" ಅಂದರು. ನಮಗೆ ಸಿಟ್ಟು ಬಂತು. ಹಾಗೆ ನೋಡಿದ್ರೆ ಆ ಪ್ರಾಜೆಕ್ಟ್ ಶುರುವಾಗಿದ್ದೇ ಸಿಟ್ಟಿನಿಂದ.

ಮೊದಲನೇ ಸ್ಲೈಡಿನಲ್ಲಿ ಪಟ್ಟಿ ಮಾಡಿದೆವು. ರಾಯಚೂರು ಕೋಟೆಯಲ್ಲಿ ನಲವತ್ತು ಅಡಿ ಉದ್ದದ ಒಂದೇ ಕಲ್ಲಿನ ಮೇಲೆ 1294ರ ಶಾಸನ ಇದೆ. ಮಸ್ಕಿಯಲ್ಲಿ ಅಶೋಕನ ಶಾಸನ ಇದೆ. 'ದೇವಾನಾಂಪ್ರಿಯ' ಅಂತ ಕರೆಸಿಕೊಂಡ ರಾಜ ಅಶೋಕನೇ ಅಂತ ಜಗತ್ತಿಗೆ ಖಚಿತ ಆದದ್ದು ಅಲ್ಲಿ ಅವನ ಹೆಸರು ಸಿಕ್ಕಿದ ಮೇಲೆ. ಅದನ್ನು 1915ರಲ್ಲಿ ಕಂಡವರು ಸಿ. ಬೀಡನ್ ಅನ್ನೋ ಚಿನ್ನದ ಗಣಿ ಎಂಜಿನಿಯರ್. ನಮ್ಮ ಜಾತಿಯವರೇ ಅನ್ನಿ. ಮಾನ್ವಿಯಲ್ಲಿ ಹರಿಕಥಾಮೃತಸಾರ ಬರೆದ ಜಗನ್ನಾಥದಾಸರ ಸ್ಥಳ ಇದೆ. ದೇವದುರ್ಗ ತಾಲ್ಲೂಕಿನ ಗಬ್ಬೂರಿನಲ್ಲಿ ಹಳೇ ಗುಡಿಗಳು, ಶಾಸನಗಳು ಇವೆ. ಶಕ್ತಿನಗರದ ಪಕ್ಕದಲ್ಲೇ ದೇವಸುಗೂರಿನ ಸುಗೂರೇಶ್ವರ. ಮತ್ತೆ ಕೃಷ್ಣಾ ನದಿಯ ನಡುಗಡ್ಡೆಯಲ್ಲಿ ಕುರುವಪುರ, ಶ್ರೀಪಾದ ಶ್ರೀವಲ್ಲಭರ ಕ್ಷೇತ್ರ. ಅಲ್ಲಿಗೆ ಮಹಾರಾಷ್ಟ್ರ, ತೆಲಂಗಾಣ, ಆಂಧ್ರದಿಂದ ದತ್ತ ಭಕ್ತರು ಬರುತ್ತಾರೆ, ದೋಣಿ ಹತ್ತಿ ಆ ದಡಕ್ಕೆ ಹೋಗುತ್ತಾರೆ.

ಅಂದರೆ ಜನ ಬರ್ತಾರೆ. ಆದ್ರೆ ನಿಲ್ಲೋದಿಲ್ಲ. ತುಂಗಭದ್ರೆಯ ಆಚೆ ಮಂತ್ರಾಲಯದಲ್ಲಿ ರೂಮು ಮಾಡ್ತಾರೆ, ಬೆಳಿಗ್ಗೆ ಗಾಡಿ ಮಾಡಿಕೊಂಡು ಈ ಕಡೆ ಬಂದು ಪಂಚಮುಖಿ, ಕುರುವಪುರ ಮುಗಿಸಿ ಸಂಜೆಗೆ ವಾಪಸ್. ದೊಡ್ಡ ಗುಂಪುಗಳು ಅಡುಗೆಯವರನ್ನೂ ಅಕ್ಕಿ ಬೇಳೆಯನ್ನೂ ಬಸ್ಸಿನಲ್ಲೇ ತರುತ್ತವೆ. ದಾರಿಯ ಊರಿಗೆ ಸಿಗೋದು ಧೂಳು ಮತ್ತು ಖಾಲಿ ಬಾಟಲಿ. ಇದಕ್ಕೆ ನಾವು ಕಂಡುಕೊಂಡ ಪರಿಹಾರ, ನೀವು ಊಹಿಸಿದ್ದೇ, ಒಂದು ಆ್ಯಪ್. ಹೆಸರು 'ನಂಟು'. ಹಳ್ಳಿಯ ರೊಟ್ಟಿ ಮಾಡೋರು, ಕೌದಿ ಹೊಲಿಯೋರು, ದೋಣಿಯವರು, ಚಹಾ ಅಂಗಡಿಯವರು ಎಲ್ಲರ ಫೋನ್ ನಂಬರು ಒಂದು ಕಡೆ. ಬಂದವರು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸೀದಾ ಮಾತಾಡಬಹುದು. ನಡುವೆ ದಲ್ಲಾಳಿ ಇಲ್ಲ. ನಮಗೆ ಇದು ಬಹಳ ದೊಡ್ಡ ವಿಚಾರ ಅನ್ನಿಸಿತ್ತು.

ನಮ್ಮ ಪಟ್ಟಿಗೆ ಮೊದಲು ಸೇರಿದವರು ಒಬ್ಬ ದೊಡ್ಡವ್ವ. ಅವರ ಹೆಸರು, ಊರು ಇಲ್ಲಿ ಬರೆಯೋದಿಲ್ಲ. ಹೊಳಿ ದಂಡಿಯ ಒಂದು ಊರು ಅಂತ ತಿಳ್ಕೊಳ್ಳಿ. ಜೋಳದ ರೊಟ್ಟಿ ಬಡಿದು ಸಂತೆ ದಿನ ಮಾರುತ್ತಿದ್ದರು, ಮದುವೆ ಮುಂಜಿ ಇದ್ದಾಗ ಆರ್ಡರ್ ಹಿಡಿಯುತ್ತಿದ್ದರು. ನಾವು ಹೋದ ದಿನ ನಮಗೆ ಬಿಸಿ ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ ಹಾಕಿ, ದುಡ್ಡು ಕೊಡೋಕೆ ಹೋದರೆ "ಓದೋ ಹುಡುಗರ ಕೈಯಾಗಿಂದ ಏನ್ ತಗೊಳ್ಳಲಿ" ಅಂದರು. ನಾವು ಅವರ ಮನೆ ಬಾಗಿಲಿಗೆ ಒಂದು ಬೋರ್ಡು ಹೊಡೆದೆವು, ಕ್ಯೂಆರ್ ಕೋಡು ಅಂಟಿಸಿದೆವು, ಒಲೆ ಮುಂದೆ ಕೂರಿಸಿ ಫೋಟೊ ತೆಗೆದೆವು.

ಆ ಫೋಟೊ ಒಂಬತ್ತನೇ ಸ್ಲೈಡು. ಪಕ್ಕದಲ್ಲಿ ಹಸಿರು ಬಣ್ಣದಲ್ಲಿ ಬಾಣದ ಗುರುತು, ಮೇಲಕ್ಕೆ. 'ಆದಾಯದಲ್ಲಿ ಶೇ. 40 ಹೆಚ್ಚಳ.' ಆ ನಲವತ್ತು ಎಲ್ಲಿಂದ ಬಂತು ಅಂತ ಜಡ್ಜ್‌ಗಳು ಕೇಳಲಿಲ್ಲ. ಕೇಳಿದ್ದರೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಮೂವತ್ತು ಕಡಿಮೆ ಆಯ್ತು, ಐವತ್ತು ಜಾಸ್ತಿ ಆಯ್ತು ಅಂತ ರಾತ್ರಿ ಎರಡು ಗಂಟೆಗೆ ಕೂತು ನಲವತ್ತು ಹಾಕಿದ್ದೆವು. ಎರಡನೇ ಬಹುಮಾನ 5,000 ರೂಪಾಯಿ. ಬಿರಿಯಾನಿ ತಿಂದೆವು, ಉಳಿದದ್ದನ್ನು ಇಟ್ಟುಕೊಂಡೆವು.

ಆಮೇಲೆ ಶ್ರಾವಣ ಬಂತು.

ಮಹಾರಾಷ್ಟ್ರದ ಕಡೆಯ ಒಂದು ಬಸ್ಸಿನವರು ದೊಡ್ಡವ್ವನ ನಂಬರಿಗೆ ಫೋನ್ ಮಾಡಿದರು. ನಾಳೆ ಮಧ್ಯಾಹ್ನ ಒಂದು ಗಂಟೆಗೆ 45 ಊಟ, ಒಂದು ಊಟಕ್ಕೆ 80 ರೂಪಾಯಿ. ಅವರ ಮಗ ಅರ್ಧ ಹಿಂದಿಯಲ್ಲಿ ಮಾತಾಡಿ ಒಪ್ಪಿಕೊಂಡ. ಮನೆಯಲ್ಲಿ ಅಷ್ಟು ಸಾಮಾನು ಇರಲಿಲ್ಲ. ದೊಡ್ಡವ್ವ ಸಂಘದಲ್ಲಿ 2,000 ರೂಪಾಯಿ ಎತ್ತಿದರು. ಬದನೆಕಾಯಿ, ಶೇಂಗಾ, ಎಣ್ಣೆ, ಹೆಸರುಕಾಳು ತಂದರು. ಓಣಿಯ ಇಬ್ಬರು ಹೆಣ್ಣುಮಕ್ಕಳಿಗೆ ತಲಾ 300 ಕೂಲಿ ಮಾತಾಡಿದರು. ಬೆಳಗಿನ ಐದಕ್ಕೆ ಎರಡು ಒಲೆ ಹೊತ್ತಿಸಿ ಮೂವರೂ ಕೂತರು. ಒಬ್ಬರಿಗೆ ನಾಲ್ಕರಂತೆ 180 ರೊಟ್ಟಿ.

ಅದೇ ರಾತ್ರಿ ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟಿದ್ದರು. ಮಳೆ ನಮ್ಮ ಕಡೆ ಇರಲಿಲ್ಲ. ಮೇಲೆ ಮಹಾರಾಷ್ಟ್ರದಲ್ಲಿ ಮಳೆಯಾದರೆ ಆಲಮಟ್ಟಿ ತುಂಬುತ್ತದೆ, ನಾರಾಯಣಪುರ ತುಂಬುತ್ತದೆ, ಆಮೇಲೆ ದೇವದುರ್ಗ, ರಾಯಚೂರು ತಾಲ್ಲೂಕಿನ ದಂಡಿಗೆ ಹೊಳಿ ಬರುತ್ತದೆ. ನಡುಗಡ್ಡೆಗೆ ಹೋಗುವ ದೋಣಿ ನಿಂತುಹೋದವು. ಬಸ್ಸಿನವರಿಗೆ ರಾಯಚೂರಿನಲ್ಲೇ ವಿಷಯ ಗೊತ್ತಾಗಿ ಸೀದಾ ಮಂತ್ರಾಲಯಕ್ಕೆ ಹೋದರು. ಒಂದು ಗಂಟೆಯಾಯ್ತು, ಎರಡಾಯ್ತು. ಇವರೇ ಫೋನ್ ಮಾಡಿದಾಗ ಆ ಕಡೆಯಿಂದ "ಹೊಳೆ ಬಂದಿದೆಯಂತಲ್ಲ, ನಾವು ಬರೋದಿಲ್ಲ" ಅಂದರಂತೆ. ಅವರದೂ ತಪ್ಪಲ್ಲ. ತುಂಬಿದ ಹೊಳೆಗೆ ಯಾರು ಇಳೀತಾರೆ?

ಮೂರು ದಿನದ ಮೇಲೆ ನಮಗೆ ಗೊತ್ತಾಯಿತು, ಅದೂ ಮಗ ಫೋನ್ ಮಾಡಿ ಬೈದಾಗ. "ನಂಬರ್ ಹಾಕ್ರಿ ಅಂತ ಯಾರ್ ಕೇಳಿದ್ರು ನಿಮಗ? ನೀವು ಫೋಟೋ ತಗೊಂಡು ಪ್ರೈಜ್ ತಗೊಂಡ್ರಿ. ಸಂಘದ ಕಂತು ಯಾರ್ ಕಟ್ತಾರ?" ಅಂದ. ನಮ್ಮ ಬಾಯಿ ಕಟ್ಟಿತು.

ಹೋದೆವು. ದೊಡ್ಡವ್ವ ಬೈಯಲಿಲ್ಲ. ಬೈದಿದ್ದರೆ ಸ್ವಲ್ಪ ಹಗುರ ಆಗುತ್ತಿತ್ತು. ಬಿಳಿ ಬಟ್ಟೆಯಲ್ಲಿ ಕಟ್ಟಿಟ್ಟ ರೊಟ್ಟಿ ಬಿಚ್ಚಿ ತೋರಿಸಿದರು. "ರೊಟ್ಟಿಗೇನ್ ಆಗಂಗಿಲ್ಲ ತಮ್ಮಾ, ಒಣಗಿಸಿದ್ರ ಕಡಕ್ ಆಗ್ತಾವ, ತಿಂಗಳಗಟ್ಲೆ ಇರ್ತಾವ. ಪಲ್ಯನೇ ಕೆಟ್ತು ನೋಡು. ದನಕ್ಕ ಹಾಕಿದ್ವಿ" ಅಂದರು. ನಾವು ಬಹುಮಾನದಲ್ಲಿ ಉಳಿದಿದ್ದ 3,200 ರೂಪಾಯಿ ಮುಂದೆ ಇಟ್ಟೆವು. ಒಟ್ಟು ಖರ್ಚು 2,300 ಆಗಿತ್ತು. ಅವರು ಪಲ್ಯದ ಸಾಮಾನಿನ ದುಡ್ಡು, ಇಬ್ಬರ ಕೂಲಿ ಅಂತ ಲೆಕ್ಕ ಹಾಕಿ 1,700 ಮಾತ್ರ ತಗೊಂಡರು. "ರೊಟ್ಟಿ ಅದಾವಲ್ಲ, ಅದರ ದುಡ್ಡು ಯಾಕ? ಬೇಕಾದ್ರ ರೊಟ್ಟಿ ಒಯ್ಯಿರಿ, ಆವಾಗ ಕೊಡ್ರಿ" ಅಂದರು. 120 ರೊಟ್ಟಿ ಎರಡು ಚೀಲದಲ್ಲಿ ಕಟ್ಟಿಕೊಂಡು ಬಂದೆವು. ಬಾಗಿಲಿನ ಬೋರ್ಡನ್ನು ಮಗ ಆಗಲೇ ಕಿತ್ತಿದ್ದ.

ಆ ರಾತ್ರಿ ಶಕ್ತಿನಗರದ ಮನೆಯಲ್ಲಿ ನಮ್ಮಪ್ಪನಿಗೆ ಇದನ್ನೆಲ್ಲ ಹೇಳಿದೆವು. ಅಪ್ಪ ಆರ್‌ಟಿಪಿಎಸ್‌ನಲ್ಲಿ ಕೆಲಸ ಮಾಡುತ್ತಾರೆ. ಗೊತ್ತಿಲ್ಲದವರಿಗೆ: ಅದು 1985ರಲ್ಲಿ ಮೊದಲ ಯೂನಿಟ್ ಶುರುವಾದ ಶಾಖೋತ್ಪನ್ನ ವಿದ್ಯುತ್ ಸ್ಥಾವರ. ಈಗ ಎಂಟು ಯೂನಿಟ್, ಒಟ್ಟು 1,720 ಮೆಗಾವ್ಯಾಟ್. ನಿಮ್ಮ ಹಾಸ್ಟೆಲ್ ಫ್ಯಾನ್ ತಿರುಗೋದರಲ್ಲಿ ನಮ್ಮೂರಿನ ಬೂದಿಯ ಪಾಲೂ ಇದೆ. ಅಪ್ಪ ಆ ವಾರ ಅಷ್ಟೇನೂ ಬ್ಯುಸಿ ಇರಲಿಲ್ಲ. ಮಳೆಗಾಲದಲ್ಲಿ ಜಲಾಶಯ ತುಂಬಿ ಜಲವಿದ್ಯುತ್ ಬರುತ್ತದೆ, ಗಾಳಿ ವಿದ್ಯುತ್ ಬರುತ್ತದೆ, ರೈತರ ಪಂಪ್‌ಸೆಟ್ ಓಡೋದಿಲ್ಲ, ಬೇಡಿಕೆ ಇಳಿಯುತ್ತದೆ. ಆಗ ಥರ್ಮಲ್ ಯೂನಿಟ್‌ಗಳನ್ನು ಒಂದೊಂದಾಗಿ ನಿಲ್ಲಿಸುತ್ತಾರೆ.

ಅಪ್ಪ ಕೇಳಿದರು, "ಯೂನಿಟ್ ನಿಂತ್ರ ನಮಗ ಸಂಬಳ ನಿಲ್ತದೇನು?"

ಇಲ್ಲ.

"ಯಾಕ?"

ನಮ್ಮದು ಎಲೆಕ್ಟ್ರಿಕಲ್ ಬ್ರಾಂಚ್, ಆದರೂ ಉತ್ತರ ಗೊತ್ತಿರಲಿಲ್ಲ. ಅಪ್ಪ ಹೇಳಿದ್ದು ಇಷ್ಟು. ವಿದ್ಯುತ್ ಕೊಳ್ಳುವ ಒಪ್ಪಂದದಲ್ಲಿ ದರಕ್ಕೆ ಎರಡು ಭಾಗ. ಒಂದು ಎನರ್ಜಿ ಚಾರ್ಜ್: ಎಷ್ಟು ಯೂನಿಟ್ ಕೊಂಡರೋ ಅಷ್ಟಕ್ಕೆ ದುಡ್ಡು, ಹೆಚ್ಚಾಗಿ ಕಲ್ಲಿದ್ದಲಿನ ಖರ್ಚು. ಇನ್ನೊಂದು ಫಿಕ್ಸೆಡ್ ಚಾರ್ಜ್: ಸ್ಥಾವರ ತಯಾರಾಗಿ ನಿಂತಿದ್ದರೆ ಸಾಕು, ಕೊಂಡರೂ ಕೊಳ್ಳದಿದ್ದರೂ ಕೊಡಬೇಕು. ಸಾಲದ ಬಡ್ಡಿ, ಸಂಬಳ, ರಿಪೇರಿ ಎಲ್ಲ ಅದರಲ್ಲಿ. ಸಾವಿರಾರು ಕೋಟಿ ಹಾಕಿ ಕಟ್ಟಿದ ಸ್ಥಾವರವನ್ನು 'ಬೇಕಾದರೆ ಫೋನ್ ಮಾಡ್ತೀವಿ' ಅಂತ ಯಾರೂ ಇಟ್ಟುಕೊಳ್ಳೋದಿಲ್ಲ. ತಯಾರಾಗಿ ಇರೋದಕ್ಕೂ ಬೆಲೆ ಇದೆ.

"ಆಕಿನೂ ಬೆಳಿಗ್ಗೆ ಐದಕ್ಕ ತಯಾರಾಗೇ ಕೂತಿದ್ಲಲ್ಲ. ಆಕಿ ಫಿಕ್ಸೆಡ್ ಚಾರ್ಜ್ ಯಾರು ಕೊಡಬೇಕು?" ಅಂತ ಕೇಳಿ ಅಪ್ಪ ಟಿವಿ ಹಚ್ಚಿದರು.

ಅವತ್ತು ನಮಗೆ ನಿದ್ದೆ ಬರಲಿಲ್ಲ. ಒಂದೇ ಹೊಳೆ ತುಂಬಿತ್ತು. ಅಪ್ಪನ ಯೂನಿಟ್ ನಿಂತಿತ್ತು, ದೊಡ್ಡವ್ವನ ಒಲೆಯೂ ನಿಂತಿತ್ತು. ಅಪ್ಪನ ನಷ್ಟ ಒಪ್ಪಂದದ ಮೇಲೆ ಬಿತ್ತು, ದೊಡ್ಡವ್ವನ ನಷ್ಟ ದೊಡ್ಡವ್ವನ ಮೇಲೇ ಬಿತ್ತು. ನಮ್ಮ ಆ್ಯಪ್ ದಲ್ಲಾಳಿಯನ್ನು ತೆಗೆದುಹಾಕಿತ್ತು ನಿಜ. ಆದರೆ ನಷ್ಟ ಬಂದರೆ ಯಾರದು ಅನ್ನೋ ಪ್ರಶ್ನೆಯನ್ನು ನಾವು ಕೇಳಿಕೊಂಡೇ ಇರಲಿಲ್ಲ. ಕೇಳದೇ ಬಿಟ್ಟರೆ ಅದು ತಾನಾಗಿಯೇ ಎಲ್ಲರಿಗಿಂತ ಬಡವರ ಕಡೆ ಉರುಳುತ್ತದೆ.

ಆಮೇಲೆ ನಾವು ಓದೋಕೆ ಶುರು ಮಾಡಿದೆವು. ಸ್ಪರ್ಧೆಗೆ ಮುಂಚೆ ಓದಬೇಕಾಗಿತ್ತು, ನಿಜ. ದಸರಾ ರಜೆಯಲ್ಲಿ ಮಾನ್ವಿ, ಸಿಂಧನೂರು ಮೇಲೆ ಬಸ್ಸು ಹಿಡಿದು ಗಂಗಾವತಿ, ಅಲ್ಲಿಂದ ಆನೆಗೊಂದಿಗೆ ಹೋಗಿ ಬಂದೆವು. ಹಂಪಿ ನೋಡದವರು ನಮ್ಮ ಕ್ಲಾಸಿನಲ್ಲಿ ಯಾರೂ ಇಲ್ಲ, ಆದರೆ ತುಂಗಭದ್ರೆಯ ಆಚೆ ದಂಡೆಯ ಎರಡು ಊರುಗಳ ಕಥೆಯನ್ನು ಯಾರೂ ಹೇಳಿರಲಿಲ್ಲ.

ಒಂದು ವಿರೂಪಾಪುರ ಗಡ್ಡೆ. ವಿದೇಶಿಯರಿಗೆ ಅದು 'ಹಿಪ್ಪಿ ಐಲ್ಯಾಂಡ್'. ಗದ್ದೆಗಳ ನಡುವೆ ಗುಡಿಸಲು, ಕೆಫೆ, ಬಾಡಿಗೆ ಬೈಕು. ದುಡ್ಡು ಬರ್ತಾ ಇತ್ತು. ಆದರೆ ವಿಶ್ವ ಪರಂಪರೆಯ ಸಂರಕ್ಷಿತ ಪ್ರದೇಶದಲ್ಲಿ ಕಟ್ಟಿದ ಆ ರೆಸಾರ್ಟ್‌ಗಳು ಅಕ್ರಮ ಅಂತ ಕೇಸು ವರ್ಷಗಟ್ಟಲೆ ನಡೀತು. 2019ರ ಆಗಸ್ಟ್‌ನಲ್ಲಿ ನದಿ ಉಕ್ಕಿ ನೂರಾರು ಪ್ರವಾಸಿಗರು ಅಲ್ಲೇ ಸಿಕ್ಕಿಹಾಕಿಕೊಂಡರು, ದೋಣಿ, ಹೆಲಿಕಾಪ್ಟರ್ ತರಿಸಿ ಹೊರಗೆ ಕರೆದುಕೊಂಡು ಬರಬೇಕಾಯಿತು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತೆರವಿನ ಆದೇಶವನ್ನು ಎತ್ತಿಹಿಡಿಯಿತು, ಮಾರ್ಚ್‌ನಲ್ಲಿ ಜೆಸಿಬಿ ಬಂದವು. ಕಾನೂನಿನ ಪ್ರಕಾರ ಅದು ಸರಿಯೇ ಇರಬಹುದು. ಆದರೆ ಅಲ್ಲಿ ಅಡುಗೆ ಮಾಡುತ್ತಿದ್ದವರು, ಬಟ್ಟೆ ಒಗೆಯುತ್ತಿದ್ದವರು, ಬೈಕ್ ಬಾಡಿಗೆ ಕೊಡುತ್ತಿದ್ದವರು ಏನಾದರು? ಅವರ ಕೈಯಲ್ಲಿ ಯಾವ ಒಪ್ಪಂದವೂ ಇರಲಿಲ್ಲ.

ಇನ್ನೊಂದು ಅದರ ಪಕ್ಕದ ಆನೆಗೊಂದಿ. ಅಲ್ಲಿ 1997ರಲ್ಲಿ ಶಮಾ ಪವಾರ್ ಶುರು ಮಾಡಿದ ಕಿಷ್ಕಿಂದಾ ಟ್ರಸ್ಟ್ ಇದೆ. ಸುತ್ತಲೂ ಬಾಳೆ ತೋಟ. ಗೊನೆ ಕಡಿದ ಮೇಲೆ ಬಾಳೆ ದಿಂಡು ಕಸ. ಆ ದಿಂಡಿನ ನಾರಿನಿಂದ ಹಗ್ಗ ಹೊಸೆದು ಬುಟ್ಟಿ, ಚೀಲ, ಚಾಪೆ ಮಾಡೋದನ್ನು ಊರಿನ ಹೆಣ್ಣುಮಕ್ಕಳು ಕಲಿತರು. ಹಳೇ ಮಣ್ಣಿನ ಮನೆಗಳನ್ನು ಕೆಡವದೇ ರಿಪೇರಿ ಮಾಡಿ ಅತಿಥಿಗಳಿಗೆ ಕೊಟ್ಟರು. ನಮ್ಮ ದೇವದುರ್ಗದ ಗೆಳತಿ ಸಿವಿಲ್, ಅವಳು ಗೋಡೆ ಮುಟ್ಟಿ ಮುಟ್ಟಿ ನೋಡಿದಳು. ಮಾನ್ವಿಯ ಗೆಳೆಯ ಬುಟ್ಟಿ ಹಿಡಿದು ನಿಂತು ಒಂದು ಮಾತು ಹೇಳಿದ: "ಇದು ಕೆಡಂಗಿಲ್ಲಲೇ." ಅಷ್ಟೇ. ಪ್ರವಾಸಿಗರು ಇವತ್ತು ಬರಲಿಲ್ಲ ಅಂದರೆ ಬುಟ್ಟಿ ನಾಳೆಗೂ ಇರುತ್ತದೆ, ಬೇರೆ ಊರಿಗೂ ಹೋಗುತ್ತದೆ. ದೊಡ್ಡವ್ವ ಇದನ್ನೇ ಹೇಳಿದ್ದರಲ್ಲ: ರೊಟ್ಟಿಗೇನ್ ಆಗಂಗಿಲ್ಲ, ಪಲ್ಯನೇ ಕೆಡ್ತದ. ನಾವು ಅವರ ಹೊಟ್ಟೆಪಾಡನ್ನು ಕೆಡುವ ಪಲ್ಯಕ್ಕೆ ಕಟ್ಟಿಹಾಕಿದ್ದೆವು.

ಕೇರಳದ ಕುಮರಕಂ ಬಗ್ಗೆಯೂ ಓದಿದೆವು. ಅಲ್ಲಿ 2008ರ ಹೊತ್ತಿಗೆ ಪಂಚಾಯಿತಿ, ಕುಡುಂಬಶ್ರೀ ಮಹಿಳಾ ಗುಂಪುಗಳು, ರೆಸಾರ್ಟಿನವರು ಕೂತು ಮಾತಾಡಿ, ಊರಿನವರು ಬೆಳೆದ ತರಕಾರಿಯನ್ನು ರೆಸಾರ್ಟುಗಳು ಕೊಳ್ಳುವ ಏರ್ಪಾಡು ಮಾಡಿಕೊಂಡರು. ಕೊಳ್ಳುವವರು ಯಾರು ಅಂತ ಬೆಳೆಯುವವರಿಗೆ ಮೊದಲೇ ಗೊತ್ತು. ಅಂದರೆ ನಂಟು ಅನ್ನೋದು ಫೋನ್ ನಂಬರ್ ಅಲ್ಲ, ಮಾತು. 'ಇಷ್ಟು ತಗೋತೀವಿ' ಅಂತ ಕೊಟ್ಟ ಮಾತು.

ಈಗ 'ನಂಟು' ಆ್ಯಪ್ ಇಲ್ಲ. ಸರ್ವರ್ ಬಂದ್ ಮಾಡಿದೆವು. ಅದರ ಬದಲು ಒಂದು ನೋಟ್‌ಬುಕ್ ಇದೆ, ಮೂರು ನಿಯಮ ಇವೆ.

ಒಂದು, ಹತ್ತು ಊಟಕ್ಕಿಂತ ಜಾಸ್ತಿ ಆರ್ಡರ್ ಇದ್ದರೆ ಅರ್ಧ ದುಡ್ಡು ಹಿಂದಿನ ದಿನ ಬರಬೇಕು. ಹೊಳೆ ಬರಲಿ, ಬಸ್ ಕೆಡಲಿ, ಅದು ವಾಪಸ್ ಇಲ್ಲ. ಇದೇ ದೊಡ್ಡವ್ವನ ಫಿಕ್ಸೆಡ್ ಚಾರ್ಜ್.

ಎರಡು, ಅಡ್ವಾನ್ಸ್ ಬರದೇ ಒಲೆ ಹೊತ್ತಿಸೋದಿಲ್ಲ. ದಾರಿಹೋಕರಿಗೆ ಮಾರೋದು ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾತ್ರ. ಇವತ್ತು ಹೋಗದಿದ್ದರೆ ನಾಳೆ ಹೋಗುತ್ತವೆ.

ಮೂರು, ಬೇಸ್ ಲೋಡ್. ಅಂದರೆ ನೀವು. ಆ ದಿನ ಚೀಲದಲ್ಲಿ ತಂದ 120 ರೊಟ್ಟಿಯನ್ನು ರಜೆ ಮುಗಿದ ಮೇಲೆ ಹಾಸ್ಟೆಲಿಗೆ ತಂದಿದ್ದೆವು. ಎರಡು ದಿನದಲ್ಲಿ ಖಾಲಿ. ಆಗ ಹೊಳೀತು. ಈಗ ವಾರಕ್ಕೆ 200 ರೊಟ್ಟಿ, ಎರಡು ಕೆಜಿ ಚಟ್ನಿ ನಮ್ಮ ಮಹಡಿಗೆ ಬರುತ್ತದೆ. ಪ್ರವಾಸಿಗರು ಬಂದರೆ ಅದು ಮೇಲಿನ ಪೀಕ್ ಲೋಡ್, ಬರದಿದ್ದರೂ ಸಂಘದ ಕಂತು ನಿಲ್ಲೋದಿಲ್ಲ. ಪ್ರವಾಸೋದ್ಯಮವನ್ನೇ ನಂಬಿಕೊಂಡ ಹಳ್ಳಿ ಉದ್ಯೋಗ ಪ್ರವಾಸೋದ್ಯಮದಿಂದಲೇ ಮುಳುಗಬಹುದು. ಕೋವಿಡ್ ವರ್ಷದಲ್ಲಿ ಇಡೀ ಜಗತ್ತು ಇದನ್ನು ನೋಡಿತು, ನಮಗೆ ಅರ್ಥ ಆಗೋಕೆ 180 ರೊಟ್ಟಿ ಬೇಕಾಯಿತು.

ಎಲ್ಲ ಸರಿಹೋಯ್ತು ಅಂತ ಹೇಳಿದರೆ ಮತ್ತೆ ಒಂಬತ್ತನೇ ಸ್ಲೈಡಿನ ಸುಳ್ಳೇ ಆಗುತ್ತದೆ. ಇಲ್ಲಿಯವರೆಗೆ ಐದು ಗುಂಪಿನವರು ಫೋನ್ ಮಾಡಿದರು. ಅಡ್ವಾನ್ಸ್ ಅಂದ ತಕ್ಷಣ ಮೂರು ಗುಂಪಿನವರು "ಹಳ್ಳಿ ಊಟಕ್ಕೂ ಅಡ್ವಾನ್ಸಾ" ಅಂತ ಫೋನ್ ಇಟ್ಟರು. ರೆಸಾರ್ಟಿಗೆ ಆನ್‌ಲೈನ್‌ನಲ್ಲಿ ಪೂರ್ತಿ ದುಡ್ಡು ಕಟ್ಟಿ ಬುಕ್ ಮಾಡುವವರಿಗೆ ಒಂದು ಊಟಕ್ಕೆ 40 ರೂಪಾಯಿ ಮೊದಲೇ ಕೊಡೋದು ಅವಮಾನ ಅನ್ನಿಸುತ್ತದೆ. ಎರಡು ಗುಂಪಿನವರು ಕೊಟ್ಟರು, ಬಂದರು, ಉಂಡರು. ಅದರಲ್ಲಿ ಒಂದು ಗುಂಪಿನವರು ಚಟ್ನಿ ಪುಡಿ ಕಟ್ಟಿಸಿಕೊಂಡು ಹೋದರು. ಆಮೇಲೆ ಸೆಮಿಸ್ಟರ್ ರಜೆ ಬಂದರೆ ಹಾಸ್ಟೆಲ್ ಖಾಲಿ, ನಮ್ಮ ಬೇಸ್ ಲೋಡೂ ಖಾಲಿ. ಅದಕ್ಕೆ ಶಕ್ತಿನಗರದ ಕಾಲೋನಿಯಲ್ಲಿ ಮನೆಗಳನ್ನು ಕೇಳುತ್ತಿದ್ದೇವೆ, ನಮ್ಮಮ್ಮ ಎಂಟು ಮನೆ ಒಪ್ಪಿಸಿದ್ದಾರೆ. ದೊಡ್ಡವ್ವನ ಮಗ ಈಗ ನಮ್ಮ ಜೊತೆ ಮಾತಾಡುತ್ತಾನೆ. ಬೋರ್ಡು ಮಾತ್ರ ಮತ್ತೆ ಹಾಕಿಲ್ಲ. ಹಾಕು ಅಂತ ನಾವೂ ಕೇಳಿಲ್ಲ.

ಹೋದ ತಿಂಗಳು ದೊಡ್ಡವ್ವ ಕೇಳಿದರು, "ಆ ಫೋಟೋ ಎಲ್ಲದ ಯವ್ವಾ? ನನಗೊಂದು ಕೊಡ್ರಿ, ಮನ್ಯಾಗ ಹಾಕ್ತೀನಿ." ಪ್ರಿಂಟ್ ಹಾಕಿಸಿ ಕೊಟ್ಟೆವು, ಬಾಣ ಮತ್ತು ಶೇ. 40 ತೆಗೆದು.

ಕೊನೆಗೆ ಎರಡು ಮಾತು. ನೀವು ಕುರುವಪುರಕ್ಕೋ ಮಸ್ಕಿಗೋ ಆನೆಗೊಂದಿಗೋ ಹೋಗುವವರಿದ್ದರೆ ಊಟ ಅಲ್ಲೇ ಹೇಳಿ, ಹಿಂದಿನ ದಿನವೇ ಹೇಳಿ, ಅಡ್ವಾನ್ಸ್ ಕೊಡಿ. ಹೋಗಲಿಕ್ಕೆ ಆಗದಿದ್ದರೆ ಆ ದುಡ್ಡನ್ನು ವಾಪಸ್ ಕೇಳಬೇಡಿ. ಅದು ನಿಮಗೋಸ್ಕರ ಬೆಳಿಗ್ಗೆ ಐದಕ್ಕೆ ಎದ್ದವರ ದುಡ್ಡು.

ಎರಡನೆಯದು ನಮ್ಮ ಮಹಡಿಯವರಿಗೆ. ಹೋದ ವಾರದ ರೊಟ್ಟಿ ಬಾಕಿ 340 ರೂಪಾಯಿ ಇದೆ. ಯಾರದು ಅಂತ ನೋಟ್‌ಬುಕ್ಕಿನಲ್ಲಿ ಬರೆದಿದೆ, ಇಲ್ಲಿ ಬರೆಯೋದಿಲ್ಲ. ಭಾನುವಾರ ಚೀಲ ತರೋಕೆ ಹೋಗ್ತೀವಿ, ಅಷ್ಟರೊಳಗೆ ಕೊಡಿ.